ಸಂಬಳ ಒಂದೇ, ಊರು ಬದಲಾದರೆ ಕಡಿತ ಬೇರೆ: ಪೇರೋಲ್ ಸಾಫ್ಟ್‌ವೇರ್‌ಗೆ ದೇಶದ, ರಾಜ್ಯದ ಕಾನೂನು ಕಲಿಸುವುದು ಹೇಗೆ?

ಬೆಂಗಳೂರಿನಲ್ಲಿ ತಿಂಗಳಿಗೆ 22,000 ರೂ. ಸಂಬಳ ಪಡೆಯುವ ಉದ್ಯೋಗಿಗೆ ವೃತ್ತಿ ತೆರಿಗೆಯೇ ಇಲ್ಲ. ಅದೇ ಕಂಪನಿಯ ಪುಣೆ ಕಚೇರಿಗೆ ವರ್ಗವಾದರೆ ವರ್ಷಕ್ಕೆ 2,500 ರೂ. ಕಡಿತವಾಗುತ್ತದೆ. ಆದರೆ ವರ್ಗವಾಗಿ ಬಂದವರು ಮಹಿಳೆಯಾಗಿದ್ದರೆ ಅಲ್ಲಿಯೂ ಕಡಿತ ಸೊನ್ನೆ. ಸಂಬಳ ಒಂದೇ, ಕೆಲಸ ಒಂದೇ, ಕಂಪನಿಯೂ ಒಂದೇ. ಬದಲಾದದ್ದು ಊರು ಮಾತ್ರ.

ಈ ವ್ಯತ್ಯಾಸವನ್ನು ಪ್ರತಿ ತಿಂಗಳು ಎಚ್‌ಆರ್ ವಿಭಾಗದವರು ಕೈಯಲ್ಲಿ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಸಾವಿರಾರು ಉದ್ಯೋಗಿಗಳಿರುವ ಕಂಪನಿಗಳಲ್ಲಿ ಆ ಕೆಲಸ ಪೇರೋಲ್ ಸಾಫ್ಟ್‌ವೇರ್‌ನದ್ದು. ಆದರೆ ಸಾಫ್ಟ್‌ವೇರ್‌ಗೆ ಕಾನೂನು ತಾನಾಗಿ ಗೊತ್ತಿರುವುದಿಲ್ಲ, ಯಾರಾದರೂ ಹೇಳಿಕೊಡಬೇಕು. ಹೇಳಿಕೊಡುವಾಗ ಒಂದು ಟಿಕ್ ಗುರುತು ತಪ್ಪಿದರೂ ಆ ತಪ್ಪು ಪ್ರತಿ ತಿಂಗಳು, ಪ್ರತಿ ಉದ್ಯೋಗಿಯ ಸಂಬಳದಲ್ಲಿ ಮರುಕಳಿಸುತ್ತಲೇ ಇರುತ್ತದೆ. ಕೆಲವೊಮ್ಮೆ ಅದು ಗೊತ್ತಾಗುವುದು ಪಿಎಫ್ ಹಣ ಅಥವಾ ಪಿಂಚಣಿಗೆ ಅರ್ಜಿ ಹಾಕಿದ ದಿನ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ದುಡಿಯುವ, ಊರಿಂದೂರಿಗೆ ವರ್ಗವಾಗುವ ಕನ್ನಡಿಗರಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ, ಉದ್ಯೋಗಿಗಳು ಏನನ್ನು ಗಮನಿಸಬೇಕು ಎಂಬ ವಿವರ ಇಲ್ಲಿದೆ.

ದೇಶಕ್ಕೊಂದು ನಿಯಮದ ಪದರ

ಎಸ್‌ಎಪಿ, ಒರಾಕಲ್‌ನಂಥ ದೊಡ್ಡ ಎಚ್‌ಆರ್ ಸಾಫ್ಟ್‌ವೇರ್‌ಗಳು ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಅವುಗಳ ತಿರುಳು ಎಲ್ಲ ಕಡೆ ಒಂದೇ: ಉದ್ಯೋಗಿಯ ವಿವರ, ಹಾಜರಿ, ಸಂಬಳದ ಘಟಕಗಳು, ಬ್ಯಾಂಕ್ ಪಾವತಿ. ಅದರ ಮೇಲೆ ಆಯಾ ದೇಶದ ಕಾನೂನಿನ ಪದರವನ್ನು ಕೂರಿಸಲಾಗುತ್ತದೆ. ಎಸ್‌ಎಪಿಯಲ್ಲಿ ಪ್ರತಿ ದೇಶಕ್ಕೂ ಒಂದು ಸಂಖ್ಯೆ ಇದ್ದು, ಭಾರತದ ಸಂಖ್ಯೆ 40. ಒರಾಕಲ್‌ನಲ್ಲಿ ಇದೇ ಕೆಲಸಕ್ಕೆ 'ಲೆಜಿಸ್ಲೇಟಿವ್ ಡೇಟಾ ಗ್ರೂಪ್' ಎಂಬ ವಿಭಾಗವಿದೆ. ಜೋಹೋ ಪೇರೋಲ್, ಗ್ರೇಟ್‌ಎಚ್‌ಆರ್, ಕೇಕಾದಂಥ ಭಾರತೀಯ ಸಾಫ್ಟ್‌ವೇರ್‌ಗಳಲ್ಲಿ ಇಲ್ಲಿನ ನಿಯಮಗಳು ಮೊದಲೇ ಅಡಕವಾಗಿರುತ್ತವೆ.

ಬ್ರಿಟನ್‌ನಲ್ಲಿ ಸಂಬಳ ಕೊಡುವ ದಿನ ಅಥವಾ ಅದಕ್ಕೂ ಮೊದಲೇ ತೆರಿಗೆ ಇಲಾಖೆಗೆ ಆನ್‌ಲೈನ್ ವರದಿ ಹೋಗಬೇಕು. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಸರ್ಕಾರದ ವೇತನ ರಕ್ಷಣಾ ವ್ಯವಸ್ಥೆಯ ಮೂಲಕವೇ ಹಣ ಪಾವತಿಯಾಗಬೇಕು. ಭಾರತದ ತೊಡಕು ಬೇರೆ ಬಗೆಯದು. ಇಲ್ಲಿ ಕೇಂದ್ರದ ಕಾನೂನಿನ ಕೆಳಗೆ ರಾಜ್ಯದ್ದು, ಕೆಲವೆಡೆ ನಗರಪಾಲಿಕೆಯದ್ದೂ ಸೇರಿಕೊಳ್ಳುತ್ತದೆ. ಹಾಗಾಗಿ 'ಭಾರತ' ಎಂದು ಒಮ್ಮೆ ಆಯ್ಕೆ ಮಾಡಿದರೆ ಕೆಲಸ ಮುಗಿಯುವುದಿಲ್ಲ.

ಮೊದಲ ಹೆಜ್ಜೆ: ನೋಂದಣಿ ಮತ್ತು ಕೆಲಸದ ಸ್ಥಳ

ಕಂಪನಿಯ ಪ್ಯಾನ್, ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್, ಪಿಎಫ್ ಸಂಸ್ಥೆಯ ಕೋಡ್, ಇಎಸ್‌ಐ ಕೋಡ್, ಪ್ರತಿ ರಾಜ್ಯದ ವೃತ್ತಿ ತೆರಿಗೆ ನೋಂದಣಿ ಸಂಖ್ಯೆ – ಇವೆಲ್ಲವನ್ನೂ ಮೊದಲು ದಾಖಲಿಸಬೇಕು. ನಂತರ ಪ್ರತಿ ಕಚೇರಿಯನ್ನು ಸರಿಯಾದ ರಾಜ್ಯ ಮತ್ತು ನೋಂದಣಿಗೆ ಜೋಡಿಸಬೇಕು. ಕೊನೆಗೆ ಪ್ರತಿ ಉದ್ಯೋಗಿಯನ್ನು ಒಂದು ಕಚೇರಿಗೆ ಸೇರಿಸಬೇಕು.

ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಕೊನೆಯ ಹಂತದಲ್ಲಿ. ಉದ್ಯೋಗಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಿರುತ್ತಾರೆ, ಹೊಸ ಐಡಿ ಕಾರ್ಡ್ ಬಂದಿರುತ್ತದೆ, ಆದರೆ ಪೇರೋಲ್‌ನಲ್ಲಿ ಕೆಲಸದ ಸ್ಥಳ ಬೆಂಗಳೂರು ಎಂದೇ ಉಳಿದಿರುತ್ತದೆ. ಆಗ ತೆಲಂಗಾಣಕ್ಕೆ ಸಲ್ಲಬೇಕಾದ ತೆರಿಗೆ ಕರ್ನಾಟಕಕ್ಕೆ ಹೋಗುತ್ತದೆ, ಇಲ್ಲವೇ ಕಡಿತವೇ ಆಗುವುದಿಲ್ಲ. ವರ್ಗಾವಣೆಯ ದಿನಾಂಕದಿಂದಲೇ ಸ್ಥಳ ಬದಲಾಗುವಂತೆ ಎಚ್‌ಆರ್ ದಾಖಲೆ ಮತ್ತು ಪೇರೋಲ್ ಒಂದಕ್ಕೊಂದು ಕೊಂಡಿಯಾಗಿರಬೇಕು.

22,000 ರೂ. ಸಂಬಳ, ಐದು ಊರು, ಐದು ಲೆಕ್ಕ

ವೃತ್ತಿ ತೆರಿಗೆ ವಿಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿರುವುದು ಸಂವಿಧಾನದ 276ನೇ ವಿಧಿ. ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 2,500 ರೂ.ಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಈ ಮಿತಿಯೊಳಗೆ ಪ್ರತಿ ರಾಜ್ಯವೂ ತನ್ನದೇ ದರ ಇಟ್ಟುಕೊಂಡಿದೆ. ತಿಂಗಳಿಗೆ 22,000 ರೂ. ಸಂಬಳ ಇರುವವರ ಲೆಕ್ಕ ಹೀಗಿದೆ:

- ಬೆಂಗಳೂರು: 25,000 ರೂ.ಗಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಹಾಗಾಗಿ ಸೊನ್ನೆ.
- ಮುಂಬೈ, ಪುಣೆ: ಪುರುಷರಿಗೆ 10,000 ರೂ. ದಾಟಿದ ಕೂಡಲೇ ತಿಂಗಳಿಗೆ 200 ರೂ., ಫೆಬ್ರವರಿಯಲ್ಲಿ 300 ರೂ. ವರ್ಷಕ್ಕೆ ಒಟ್ಟು 2,500 ರೂ. ಮಹಿಳೆಯರಿಗೆ 2023ರ ಏಪ್ರಿಲ್‌ನಿಂದ 25,000 ರೂ. ವರೆಗೆ ವಿನಾಯಿತಿ ಇದೆ.
- ಹೈದರಾಬಾದ್: 20,000 ರೂ. ದಾಟಿದವರಿಗೆ ತಿಂಗಳಿಗೆ 200 ರೂ. ವರ್ಷಕ್ಕೆ 2,400 ರೂ.
- ಚೆನ್ನೈ: ತಿಂಗಳ ಲೆಕ್ಕವಲ್ಲ, ಅರ್ಧ ವರ್ಷದ ಲೆಕ್ಕ. ವಸೂಲಿ ಮಾಡುವುದು ನಗರಪಾಲಿಕೆ. ಆರು ತಿಂಗಳ ಆದಾಯ 75,000 ರೂ. ದಾಟಿದರೆ 1,250 ರೂ. ವರ್ಷಕ್ಕೆ 2,500 ರೂ.
- ದೆಹಲಿ: ವೃತ್ತಿ ತೆರಿಗೆಯೇ ಇಲ್ಲ. ಪಕ್ಕದ ಗುರುಗ್ರಾಮ, ನೋಯ್ಡಾಗಳಲ್ಲೂ ಇಲ್ಲ.

ಈ ಐದು ಸಾಲುಗಳನ್ನು ಸಾಫ್ಟ್‌ವೇರ್‌ಗೆ ತಿಳಿಸುವಾಗ ಎಷ್ಟು ಸಂಗತಿಗಳು ಬೇಕಾಗುತ್ತವೆ ನೋಡಿ. ರಾಜ್ಯ ಬೇಕು, ಮಹಾರಾಷ್ಟ್ರವಾದರೆ ಲಿಂಗವೂ ಬೇಕು, ತಮಿಳುನಾಡಾದರೆ ಯಾವ ಸ್ಥಳೀಯ ಸಂಸ್ಥೆ ಎಂಬುದು ಬೇಕು, ಆರು ತಿಂಗಳ ಮೊತ್ತವನ್ನು ಕೂಡಿಡುವ ವ್ಯವಸ್ಥೆ ಬೇಕು, ಫೆಬ್ರವರಿಗೆ ಪ್ರತ್ಯೇಕ ದರ ಬೇಕು. ಉದ್ಯೋಗಿಯ ದಾಖಲೆಯಲ್ಲಿ ಲಿಂಗದ ಕಾಲಂ ಖಾಲಿ ಬಿಟ್ಟಿದ್ದರೆ, ವಿನಾಯಿತಿ ಇರುವ ಮಹಿಳೆಗೂ ಕಡಿತ ಬೀಳುವ ಅಪಾಯವಿದೆ.

ಕಾರ್ಮಿಕ ಕಲ್ಯಾಣ ನಿಧಿಯ ಮೊತ್ತ ಚಿಕ್ಕದು, ನಿಯಮಗಳು ಮಾತ್ರ ಅಷ್ಟೇ ಬಗೆಬಗೆ. ಕರ್ನಾಟಕದಲ್ಲಿ ಇದು ವರ್ಷಕ್ಕೊಮ್ಮೆ, ಡಿಸೆಂಬರ್‌ನಲ್ಲಿ. ಮಹಾರಾಷ್ಟ್ರದಲ್ಲಿ ಜೂನ್ ಮತ್ತು ಡಿಸೆಂಬರ್, ಹೀಗೆ ವರ್ಷಕ್ಕೆ ಎರಡು ಬಾರಿ. ದೆಹಲಿಯಲ್ಲಿ ಉದ್ಯೋಗಿಯ ಪಾಲು ಅರ್ಧ ವರ್ಷಕ್ಕೆ ಬರೀ 75 ಪೈಸೆ! ಗುರುಗ್ರಾಮಕ್ಕೆ ಬಂದರೆ ಸಂಬಳದ ಶೇ.0.2ರಷ್ಟು, ಗರಿಷ್ಠ ಮಿತಿಯೊಂದಿಗೆ, ತಿಂಗಳ ಲೆಕ್ಕ. ಪೈಸೆಯ ಕಡಿತ ಎಂದು ಸಾಫ್ಟ್‌ವೇರ್‌ನಲ್ಲಿ ಕೈಬಿಡುವಂತಿಲ್ಲ, ತಪಾಸಣೆಗೆ ಬಂದ ಅಧಿಕಾರಿ ಕೇಳುವುದು ಲೆಕ್ಕವನ್ನು.

ಪಿಎಫ್: ಪಿಂಚಣಿಯ ಒಂದು ಟಿಕ್ ಗುರುತು

ಪಿಎಫ್ ಕೇಂದ್ರದ ಕಾನೂನು, ದೇಶವಿಡೀ ಒಂದೇ ದರ. ಉದ್ಯೋಗಿಯ ಪಾಲು ಶೇ.12, ಮಾಲೀಕರ ಪಾಲು ಶೇ.12. 2014ರ ಸೆಪ್ಟೆಂಬರ್‌ನಿಂದ ವೇತನದ ಮಿತಿ 15,000 ರೂ. ಈ ಮಿತಿಯ ಮೇಲೆ ಲೆಕ್ಕ ಹಾಕಿದರೆ ಉದ್ಯೋಗಿಯಿಂದ 1,800 ರೂ., ಮಾಲೀಕರಿಂದ 1,800 ರೂ. ಮಾಲೀಕರ ಪಾಲಿನಲ್ಲಿ ಶೇ.8.33, ಅಂದರೆ 1,250 ರೂ. ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ 550 ರೂ. ಪಿಎಫ್ ಖಾತೆಗೆ.

ಸರಳವಾಗಿ ಕಾಣುವ ಈ ಲೆಕ್ಕದಲ್ಲೇ ದುಬಾರಿ ತಪ್ಪೊಂದು ಅಡಗಿದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿ ಪಿಎಫ್‌ಗೆ ಸೇರಿದವರ ಪಿಎಫ್ ವೇತನ ಸೇರುವಾಗಲೇ 15,000 ರೂ.ಗಿಂತ ಹೆಚ್ಚಿದ್ದರೆ, ಅವರು ಪಿಂಚಣಿ ಯೋಜನೆಯ ಸದಸ್ಯರಾಗುವಂತಿಲ್ಲ. ಮಾಲೀಕರ ಪಾಲು ಪೂರ್ತಿ ಪಿಎಫ್ ಖಾತೆಗೇ ಹೋಗಬೇಕು. ಅದಕ್ಕೂ ಮೊದಲೇ ಪಿಂಚಣಿ ಯೋಜನೆಯಲ್ಲಿದ್ದು ಕೆಲಸ ಬದಲಿಸಿದವರು ಮಾತ್ರ ಮುಂದುವರಿಯುತ್ತಾರೆ.

ಸಾಫ್ಟ್‌ವೇರ್‌ನಲ್ಲಿ ಇದಕ್ಕಿರುವುದು 'ಪಿಂಚಣಿಗೆ ಅರ್ಹ' ಎಂಬ ಒಂದು ಟಿಕ್ ಗುರುತು. ಎಲ್ಲರಿಗೂ ಅದನ್ನು ಹಾಕಿಬಿಟ್ಟರೆ ಅನರ್ಹರ ಹಣ ಪಿಂಚಣಿ ಖಾತೆ ಸೇರುತ್ತದೆ. ವರ್ಷಗಳ ನಂತರ ಹಣ ಹಿಂಪಡೆಯಲು ಅಥವಾ ಖಾತೆ ವರ್ಗಾಯಿಸಲು ಹೋದಾಗ ಅರ್ಜಿ ತಿರಸ್ಕೃತವಾಗುತ್ತದೆ, ಹಳೆಯ ಕಂಪನಿಯಿಂದ ತಿದ್ದುಪಡಿ ಪತ್ರ ತರಲು ಅಲೆಯಬೇಕಾಗುತ್ತದೆ. ಗುರುತು ಹಾಕದೇ ಬಿಟ್ಟರೆ ಇನ್ನೊಂದು ಕಷ್ಟ: ಅರ್ಹ ಉದ್ಯೋಗಿಯ ಪಿಂಚಣಿ ಸೇವೆಯ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು ಎಂಬುದನ್ನು ನೆನೆದರೆ ಇದರ ಬೆಲೆ ಅರ್ಥವಾಗುತ್ತದೆ. ವಯಸ್ಸು 58 ತುಂಬಿದ ಮೇಲೆ ಪಿಂಚಣಿ ಪಾಲು ನಿಲ್ಲಬೇಕು ಎಂಬ ನಿಯಮವನ್ನೂ ಇಲ್ಲೇ ಸೇರಿಸಬೇಕು.

ಪರಿಹಾರ ಇರುವುದು ಕೆಲಸಕ್ಕೆ ಸೇರುವ ದಿನ ತುಂಬಿಸಿಕೊಳ್ಳುವ ಘೋಷಣಾ ಪತ್ರದಲ್ಲಿ. ಮೊದಲ ಬಾರಿ ಪಿಎಫ್ ಸೇರಿದ್ದು ಯಾವಾಗ, ಪಿಂಚಣಿ ಸದಸ್ಯತ್ವ ಇತ್ತೇ ಎಂಬ ಉತ್ತರ ಬರುವವರೆಗೆ ಆ ಉದ್ಯೋಗಿಯ ಪೇರೋಲ್ ಮುಂದೆ ಹೋಗದಂತೆ ತಡೆ ಹಾಕುವುದು ಒಳ್ಳೆಯ ವ್ಯವಸ್ಥೆಯ ಲಕ್ಷಣ.

ಇಎಸ್‌ಐ: ಮಿತಿ ದಾಟಿದ ತಿಂಗಳೇ ನಿಲ್ಲುವುದಿಲ್ಲ

ಇಎಸ್‌ಐ ಅನ್ವಯಿಸುವುದು ತಿಂಗಳ ಸಂಬಳ 21,000 ರೂ. ವರೆಗೆ, ಅಂಗವಿಕಲ ಉದ್ಯೋಗಿಗಳಿಗೆ 25,000 ರೂ. ವರೆಗೆ. ಉದ್ಯೋಗಿಯ ಪಾಲು ಶೇ.0.75, ಮಾಲೀಕರ ಪಾಲು ಶೇ.3.25.

ಉದಾಹರಣೆಗೆ, 20,500 ರೂ. ಇದ್ದ ಸಂಬಳ ಮೇ ತಿಂಗಳಲ್ಲಿ 22,000 ರೂ. ಆಯಿತು ಎಂದುಕೊಳ್ಳಿ. ಮಿತಿ ದಾಟಿತು ಎಂದು ಮೇ ತಿಂಗಳಿಂದಲೇ ಕಡಿತ ನಿಲ್ಲಿಸಿದರೆ ಅದು ತಪ್ಪು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಇಎಸ್‌ಐಗೆ ಎರಡು ಅವಧಿಗಳಿವೆ. ಅವಧಿಯ ಮಧ್ಯೆ ಮಿತಿ ದಾಟಿದವರು ಅವಧಿ ಮುಗಿಯುವವರೆಗೂ ಒಳಗೇ ಇರುತ್ತಾರೆ. ಹಾಗಾಗಿ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಉದ್ಯೋಗಿಯಿಂದ 165 ರೂ., ಮಾಲೀಕರಿಂದ 715 ರೂ. ಕಟ್ಟಬೇಕು. ಸಾಫ್ಟ್‌ವೇರ್ ಆ ತಿಂಗಳ ಸಂಬಳವನ್ನಷ್ಟೇ ನೋಡಿದರೆ ಸಾಲದು, ಅವಧಿಯ ಆರಂಭದಲ್ಲಿ ಈ ವ್ಯಕ್ತಿ ಒಳಗಿದ್ದರೇ ಎಂದೂ ನೋಡಬೇಕು. ಚಿಕಿತ್ಸೆಯ ಸೌಲಭ್ಯ ನಿಂತಿರುವುದು ಈ ಕೊಡುಗೆಯ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಕಾರ್ಮಿಕ ಸಂಹಿತೆ: ಶೇ.50ರ ಹೊಸ ಲೆಕ್ಕ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಪೇರೋಲ್ ತಂಡಗಳ ಮುಂದಿರುವ ದೊಡ್ಡ ಕೆಲಸ 'ವೇತನ' ಎಂಬ ಪದದ ಹೊಸ ವ್ಯಾಖ್ಯೆ. ಮೂಲವೇತನ, ತುಟ್ಟಿಭತ್ಯೆ ಮತ್ತು ರಿಟೇನಿಂಗ್ ಭತ್ಯೆ ಸೇರಿದರೆ ವೇತನ. ಮನೆ ಬಾಡಿಗೆ, ಪ್ರಯಾಣ ಭತ್ಯೆಯಂಥವು ಹೊರಗೆ. ಆದರೆ ಹೀಗೆ ಹೊರಗಿಟ್ಟ ಮೊತ್ತ ಒಟ್ಟು ಸಂಭಾವನೆಯ ಶೇ.50 ಮೀರಿದರೆ, ಹೆಚ್ಚಾದ ಭಾಗ ಮತ್ತೆ ವೇತನಕ್ಕೇ ಸೇರುತ್ತದೆ.

ಒಟ್ಟು ಸಂಬಳ 40,000 ರೂ., ಅದರಲ್ಲಿ ಮೂಲವೇತನ 16,000 ರೂ., ಭತ್ಯೆಗಳು 24,000 ರೂ. ಎಂದುಕೊಳ್ಳಿ. ಸರಳವಾಗಲೆಂದು ಮಾಲೀಕರ ಪಿಎಫ್ ಪಾಲನ್ನು ಇಲ್ಲಿ ಬದಿಗಿಡೋಣ. 40,000ದ ಅರ್ಧ 20,000. ಭತ್ಯೆಗಳು ಅದಕ್ಕಿಂತ 4,000 ರೂ. ಹೆಚ್ಚಿವೆ. ಹಾಗಾಗಿ ಕಾನೂನಿನ ಕಣ್ಣಲ್ಲಿ ವೇತನ 16,000 ಅಲ್ಲ, 20,000 ರೂ.

ಇದರ ಪರಿಣಾಮ ಕಾಣುವುದು ಗ್ರಾಚ್ಯುಟಿಯಲ್ಲಿ. ಐದು ವರ್ಷದ ಸೇವೆಗೆ 16,000 ರೂ. ಮೇಲೆ ಗ್ರಾಚ್ಯುಟಿ ಸುಮಾರು 46,154 ರೂ. ಆಗುತ್ತಿತ್ತು, 20,000 ರೂ. ಮೇಲೆ ಅದು 57,692 ರೂ. ಪಿಎಫ್ ಅನ್ನು 15,000 ರೂ. ಮಿತಿಯ ಮೇಲಷ್ಟೇ ಕಟ್ಟುವವರ ಕೈಗೆ ಬರುವ ಸಂಬಳ ಈ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಪೂರ್ತಿ ವೇತನದ ಮೇಲೆ ಕಟ್ಟುವ ಕಂಪನಿಗಳಲ್ಲಿ ಮಾತ್ರ ಕಡಿತ ಏರಬಹುದು.

ಈ ಬದಲಾವಣೆಯನ್ನು ಸಾಫ್ಟ್‌ವೇರ್‌ಗೆ ತರಬೇಕಾದರೆ ಸಂಬಳದ ಪ್ರತಿ ಘಟಕವನ್ನೂ ಒಂದೊಂದಾಗಿ ತೆರೆದು ನೋಡಬೇಕು. ಇದು ಪಿಎಫ್‌ಗೆ ಲೆಕ್ಕವೇ, ಇಎಸ್‌ಐಗೆ ಲೆಕ್ಕವೇ, ತೆರಿಗೆಗೆ ಲೆಕ್ಕವೇ, ಸಂಹಿತೆಯ ವೇತನದ ಒಳಗೋ ಹೊರಗೋ ಎಂದು ಗುರುತು ಹಾಕಬೇಕು. 'ವಿಶೇಷ ಭತ್ಯೆ' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಪಾವತಿಗಳನ್ನು ತುರುಕಿದ್ದರೆ ಅವುಗಳನ್ನು ಬಿಡಿಸುವುದೇ ದೊಡ್ಡ ಕೆಲಸ.

ಕೆಲಸ ಬಿಟ್ಟವರಿಗೆ ಅಥವಾ ತೆಗೆದುಹಾಕಿದವರಿಗೆ ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕು ಎಂದೂ ವೇತನ ಸಂಹಿತೆ ಹೇಳುತ್ತದೆ. ತಿಂಗಳ ಕೊನೆಗೆ ಒಮ್ಮೆ ಮಾತ್ರ ಓಡುವ ಪೇರೋಲ್‌ನಿಂದ ಇದು ಸಾಧ್ಯವಿಲ್ಲ. ನಡುವೆ ಒಬ್ಬರಿಗಾಗಿಯೇ ಲೆಕ್ಕ ಮಾಡುವ ವ್ಯವಸ್ಥೆ ಸಿದ್ಧವಿರಬೇಕು.

ಟಿಡಿಎಸ್: ಒಂದು ಸೂತ್ರ ಬಿಟ್ಟರೆ 40,300 ರೂ. ವ್ಯತ್ಯಾಸ

ಉದ್ಯೋಗಿ ಏನೂ ತಿಳಿಸದಿದ್ದರೆ ಹೊಸ ತೆರಿಗೆ ಪದ್ಧತಿಯೇ ಅನ್ವಯ. 2025-26ನೇ ಹಣಕಾಸು ವರ್ಷದಲ್ಲಿ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ ರೂ. ವರೆಗಿನ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಇಲ್ಲ.

ಸಂಬಳ 13 ಲಕ್ಷ ರೂ. ಇದ್ದರೆ? ತೆರಿಗೆಗೆ ಒಳಪಡುವ ಆದಾಯ 12.25 ಲಕ್ಷ ರೂ. ದರಪಟ್ಟಿಯ ಪ್ರಕಾರ ತೆರಿಗೆ 63,750 ರೂ., ಸೆಸ್ ಸೇರಿ 66,300 ರೂ. ಆದರೆ 12 ಲಕ್ಷಕ್ಕಿಂತ ಹೆಚ್ಚು ಗಳಿಸಿದ 25,000 ರೂ.ಗಿಂತ ತೆರಿಗೆಯೇ ಹೆಚ್ಚಾಗಬಾರದು ಎಂಬ ಮಾರ್ಜಿನಲ್ ರಿಲೀಫ್ ನಿಯಮವಿದೆ. ಆಗ ತೆರಿಗೆ 25,000 ರೂ., ಸೆಸ್ ಸೇರಿ 26,000 ರೂ. ಈ ಸೂತ್ರವನ್ನು ಸಾಫ್ಟ್‌ವೇರ್‌ನಲ್ಲಿ ಹಾಕಲು ಮರೆತರೆ ಉದ್ಯೋಗಿಯಿಂದ 40,300 ರೂ. ಹೆಚ್ಚಿಗೆ ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು ನಿಜ, ಅಲ್ಲಿಯವರೆಗೆ ಆ ಹಣ ಕೈಗಿಲ್ಲ.

ಹಳೆ ಪದ್ಧತಿ ಆರಿಸಿಕೊಂಡವರಿಗೆ ಮನೆ ಬಾಡಿಗೆ ಭತ್ಯೆಯಲ್ಲೂ ಊರಿನ ಪ್ರಶ್ನೆ ಬರುತ್ತದೆ. 1961ರ ಕಾಯ್ದೆಯ ನಿಯಮಗಳಲ್ಲಿ ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತಾಗಳಿಗೆ ಸಂಬಳದ ಶೇ.50, ಬೆಂಗಳೂರು, ಪುಣೆ, ಹೈದರಾಬಾದ್ ಸೇರಿ ಉಳಿದ ಊರುಗಳಿಗೆ ಶೇ.40 ಮಿತಿ. 2026ರ ಏಪ್ರಿಲ್ 1ರಿಂದ ಆ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಸೆಕ್ಷನ್ ಸಂಖ್ಯೆ, ನಮೂನೆ, ಊರುಗಳ ಪಟ್ಟಿ ಎಲ್ಲವನ್ನೂ ಹೊಸ ನಿಯಮದ ಜತೆ ಇಟ್ಟು ಪರಿಶೀಲಿಸಬೇಕು.

ಹಳೆಯ ದರ ಅಳಿಸಬಾರದು

ಕರ್ನಾಟಕದಲ್ಲಿ ವೃತ್ತಿ ತೆರಿಗೆಯ ಮಿತಿ 2023ರ ಏಪ್ರಿಲ್‌ನಲ್ಲಿ 15,000ದಿಂದ 25,000 ರೂ.ಗೆ ಏರಿತು. 2025-26ರಿಂದ ಫೆಬ್ರವರಿ ತಿಂಗಳ ತೆರಿಗೆ 300 ರೂ. ಆಯಿತು. ಇಂಥ ಬದಲಾವಣೆ ಬಂದಾಗ ಹಳೆಯ ಅಂಕಿಯ ಮೇಲೆಯೇ ಹೊಸದನ್ನು ಬರೆದರೆ ಹಳೆಯ ತಿಂಗಳುಗಳ ಲೆಕ್ಕ ಕೆಡುತ್ತದೆ. ಹಿಂದಿನ ತಿಂಗಳ ಸಂಬಳವನ್ನು ಮತ್ತೆ ತೆರೆದು ಲೆಕ್ಕ ಹಾಕಿದಾಗ ಸಾಫ್ಟ್‌ವೇರ್ ಆಗ ಇಲ್ಲದ ನಿಯಮವನ್ನು ಅನ್ವಯಿಸಿಬಿಡುತ್ತದೆ. ಆದ್ದರಿಂದ ಪ್ರತಿ ದರಕ್ಕೂ 'ಇಂಥ ದಿನದಿಂದ, ಇಂಥ ದಿನದವರೆಗೆ' ಎಂಬ ಜಾರಿ ದಿನಾಂಕ ಇರಬೇಕು. ಹೊಸ ದರ ಹೊಸ ಸಾಲಾಗಿ ಸೇರಬೇಕು.

ಪರೀಕ್ಷೆ ಮಾಡದೆ ಚಾಲನೆ ಬೇಡ

ಹೊಸ ಸಾಫ್ಟ್‌ವೇರ್‌ಗೆ ಹೋಗುವ ಕಂಪನಿಗಳು ಎರಡು-ಮೂರು ತಿಂಗಳು ಹಳೆಯದನ್ನೂ ಹೊಸದನ್ನೂ ಜತೆಯಲ್ಲೇ ಓಡಿಸಿ ಹೋಲಿಸುವುದು ರೂಢಿ. ಒಟ್ಟು ಮೊತ್ತ ಸರಿಹೊಂದಿದರೆ ಸಾಲದು. ಒಬ್ಬರಿಗೆ 200 ರೂ. ಹೆಚ್ಚು, ಇನ್ನೊಬ್ಬರಿಗೆ 200 ರೂ. ಕಡಿಮೆ ಆಗಿದ್ದರೂ ಒಟ್ಟು ಮೊತ್ತ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಉದ್ಯೋಗಿವಾರು, ಘಟಕವಾರು ಹೋಲಿಕೆ ಬೇಕು.

ತಿಂಗಳ ಮಧ್ಯೆ ಸೇರಿದವರು, ಬೇರೆ ರಾಜ್ಯಕ್ಕೆ ವರ್ಗವಾದವರು, ಅವಧಿಯ ನಡುವೆ ಇಎಸ್‌ಐ ಮಿತಿ ದಾಟಿದವರು, 58 ತುಂಬಿದವರು, ಸಂಬಳವಿಲ್ಲದ ರಜೆಯಲ್ಲಿದ್ದವರು, ಹಿಂಬಾಕಿ ಪಡೆದವರು – ತಪ್ಪು ಬಯಲಾಗುವುದು ಇಂಥವರ ಲೆಕ್ಕದಲ್ಲಿ. ಪರೀಕ್ಷೆಯ ಪಟ್ಟಿಯಲ್ಲಿ ಇವರೆಲ್ಲ ಇರಲೇಬೇಕು. ಲೆಕ್ಕ ಸರಿಯಾದ ಮೇಲೆ ಪಿಎಫ್, ಇಎಸ್‌ಐ ಪೋರ್ಟಲ್‌ಗಳಿಗೆ ಕಳಿಸುವ ಕಡತ ಅವು ಕೇಳುವ ರೂಪದಲ್ಲಿಯೇ ಹೊರಬರುತ್ತದೆಯೇ ಎಂದು ನೋಡಬೇಕು.

ತಡವಾದರೆ ಹೊರೆ ಕಂಪನಿಯದ್ದು. ಟಿಡಿಎಸ್ ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ, ಪಿಎಫ್ ಮತ್ತು ಇಎಸ್‌ಐ 15ರೊಳಗೆ ಕಟ್ಟಬೇಕು. ಉದ್ಯೋಗಿಯಿಂದ ಕಡಿತ ಮಾಡಿದ ಪಾಲನ್ನು ಗಡುವಿನೊಳಗೆ ಕಟ್ಟದಿದ್ದರೆ ಆ ಮೊತ್ತವನ್ನು ಕಂಪನಿ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ತೋರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದೆ.

ಉದ್ಯೋಗಿಗಳು ಏನನ್ನು ನೋಡಬೇಕು?

- ವರ್ಗವಾದ ಮೊದಲ ತಿಂಗಳ ಪೇ ಸ್ಲಿಪ್‌ನಲ್ಲಿ ಕೆಲಸದ ಸ್ಥಳ ಮತ್ತು ವೃತ್ತಿ ತೆರಿಗೆ ಹೊಸ ರಾಜ್ಯಕ್ಕೆ ತಕ್ಕಂತೆ ಇದೆಯೇ ನೋಡಿ.
- ಪಿಎಫ್ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳ ಹಣ ಜಮೆಯಾಗಿದೆಯೇ, ಪಿಂಚಣಿಯ ಕಾಲಂನಲ್ಲಿ ಇರಬೇಕಾದ್ದು ಇದೆಯೇ, ಇರಬಾರದ್ದು ಬಂದಿದೆಯೇ ಪರಿಶೀಲಿಸಿ.
- ಹಳೆಯ ಕಂಪನಿ ಬಿಟ್ಟ ದಿನಾಂಕ ಯುಎಎನ್ ಖಾತೆಯಲ್ಲಿ ದಾಖಲಾಗಿದೆಯೇ ಖಚಿತಪಡಿಸಿಕೊಳ್ಳಿ.
- ವರ್ಷದ ನಡುವೆ ಕೆಲಸ ಬದಲಿಸಿದರೆ ಹಿಂದಿನ ಸಂಬಳ, ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡು ಕಡೆ ಸಿಕ್ಕಿ, ಕೊನೆಗೆ ಒಮ್ಮೆಲೇ ತೆರಿಗೆ ಕಟ್ಟಬೇಕಾಗುತ್ತದೆ.
- ತೆರಿಗೆ ಪದ್ಧತಿಯ ಆಯ್ಕೆಯನ್ನು ಕಂಪನಿ ಕೇಳಿದ ಕೂಡಲೇ ತಿಳಿಸಿ.

ತಪ್ಪು ಕಂಡರೆ ಪೇ ಸ್ಲಿಪ್ ಮತ್ತು ಪಾಸ್‌ಬುಕ್ ಪ್ರತಿ ಲಗತ್ತಿಸಿ ಪೇರೋಲ್ ವಿಭಾಗಕ್ಕೆ ಇಮೇಲ್‌ನಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಅದೇ ಆರ್ಥಿಕ ವರ್ಷದಲ್ಲಿ, ಅದೇ ಕಂಪನಿಯಲ್ಲಿ ಇರುವಾಗ ತಿದ್ದಿಸಿಕೊಳ್ಳುವುದು ಸುಲಭ. ಕೆಲಸ ಬಿಟ್ಟ ಮೇಲೆ ಅದೇ ತಿದ್ದುಪಡಿಗೆ ತಿಂಗಳುಗಟ್ಟಲೆ ಅಲೆಯಬೇಕಾದೀತು.